ಕಣ್ಣಿಲ್ಲದ ಫೋನು

ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಎದುರುಮನೆಯವರ ಸೊಂಟದ ಎಡಗಡೆ ಸೀರೆಯೊಳಗೆ ಯಾವಾಗಲೂ ಒಂದು ಸಣ್ಣ ಉಬ್ಬು ಇರುತ್ತಿತ್ತು. ಅದು ಅವರ ಗುಂಡಿ ಫೋನು. ಹಿಂದಿನ ಮುಚ್ಚಳ ನಿಲ್ಲದ್ದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಗುಂಡಿಗಳ ಮೇಲಿನ ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಫೋನು ಬಂದರೆ ಮೆಟ್ಟಿಲಿಗೆಲ್ಲ ಕೇಳುವಂತೆ “ಹಾಂ, ಮಾತಾಡ್ರಿ” ಎನ್ನುವರು. ಮಾತು ಮುಗಿದ ಮೇಲೆ ತಿಗಣೆ ಹೊಸಕಿದ ಹಾಗೆ ಹೆಬ್ಬೆರಳಿನಿಂದ ಗುಂಡಿ ಒತ್ತುವರು.

ಪಿಂಪ್ರಿಯಲ್ಲಿದ್ದ ಅವರ ಮಗ ಪ್ರತಿ ದೀಪಾವಳಿಗೂ ದೊಡ್ಡ ಫೋನು ಕೊಡಿಸುತ್ತೇನೆ ಎನ್ನುತ್ತಿದ್ದ.

“ಬ್ಯಾಡೋ ಮಾರಾಯಾ. ಅದಕ್ಕ ಹಿಂದೊಂದು ಕಣ್ಣು, ಮುಂದೊಂದು ಕಣ್ಣು. ಗ್ವಾಡಿ ಕಡೆ ಹೊರಳಿಸಿ ಇಟ್ರೂ ಇನ್ನೊಂದು ನೋಡತಿರ್ತದ. ಕಣ್ಣಿಲ್ಲದ್ದ ಸಾಕು ನನಗ.”

ಈ ಮಾತಿಗೆ ಮೊದಮೊದಲು ನಾನೂ ನಗುತ್ತಿದ್ದೆ.

ಮರಾಠಿ ಸೀಮೆಯ ಧನಕವಡಿಯ ಈ ಮನೆಗೆ ನಾನು ಮದುವೆಯಾಗಿ ಬಂದಾಗ ಹಳ್ಳಿ ಶಾಲೆಯ ಏಳನೇ ಇಯತ್ತೆ ಮುಗಿಸಿದ್ದೆ ಅಷ್ಟೆ. ಮರಾಠಿ ಬರುತ್ತಿರಲಿಲ್ಲ. ಕನ್ನಡದಲ್ಲೂ ನನಗೆ ಮಾತು ಕಡಿಮೆಯೇ. ತರಕಾರಿ ಗಾಡಿಯ ಮುಂದೆ ನಾನು ಬೆರಳು ತೋರಿಸುತ್ತಿದ್ದೆ, ನನ್ನ ಪಾಲಿನ ಜಗಳವನ್ನು ಕಾಕು ಆಡುತ್ತಿದ್ದರು. ನಾನು ಅಜ್ಜಿಯಾದ ಮೇಲೂ ಅವರ ಬಾಯಲ್ಲಿ ‘ಹುಡುಗಿ’ಯಾಗಿಯೇ ಉಳಿದೆ.

ಮಕ್ಕಳೇ, ನಿಮ್ಮಜ್ಜ ತೀರಿಕೊಂಡಾಗ ನೀವು ತೀರಾ ಸಣ್ಣವರು. ನಮ್ಮ ಊರ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಹೋದವರು ಏನು ಮಾಡಿದರು, ಹೇಗಿದ್ದರು ಎಂಬುದನ್ನೆಲ್ಲ ಅವರಿಗೇ ಹೇಳುತ್ತಾ ಅಳುವುದು. ನಾನೂ ಹಾಗೆಯೇ ಅತ್ತೆ. ಸಕ್ಕರೆ ಕಾಯಿಲೆ ಇದ್ದರೂ ಕದ್ದು ಬೆಲ್ಲ ತಿಂದು ಮೀಸೆಗಂಟಿದ ಚೂರಿನಿಂದಲೇ ಸಿಕ್ಕಿಬೀಳುತ್ತಿದ್ದುದನ್ನು ಹೇಳಿ ಅತ್ತೆ. ನನ್ನ ಕೈ ಮುರಿದಿದ್ದಾಗ ಬಾಗಿಲು ಹಾಕಿಕೊಂಡು ನನಗೆ ಜಡೆ ಹೆಣೆದದ್ದನ್ನು ಹೇಳಿ ಅತ್ತೆ. ಬದುಕಿದ್ದಷ್ಟು ಕಾಲ ಒಮ್ಮೆಯೂ ಅವರ ಹೆಸರೆತ್ತದ ನಾನು ಅಂದು ಹೆಸರು ಹಿಡಿದು ಕರೆದೆ.

ಮೊದಲ ಮಹಡಿಯವಳು ಗೋಡೆಗೆ ಒರಗಿ ನಿಂತು ಅದನ್ನೆಲ್ಲ ಫೋನಿನಲ್ಲಿ ತೆಗೆದುಕೊಂಡಿದ್ದಳು. ಅವಳೂ ನಮ್ಮ ಕಡೆಯವಳೇ, ಬೆಳಗಾವಿಯವಳು. ದಿನಕರ್ಮ ಮುಗಿಯುವುದರೊಳಗೆ ಅದು ಕಟ್ಟಡದ ಎಲ್ಲರ ಫೋನಿಗೂ ಹೋಗಿ, ನನ್ನ ತವರೂರನ್ನೂ ಮುಟ್ಟಿತ್ತು. ಯಾರೋ ಅದರ ಕೆಳಗೆ ನಗುವ ಮುಖಗಳನ್ನು ಹಾಕಿದ್ದರಂತೆ. ಒಂದು ದಿನ ಮೆಟ್ಟಿಲಲ್ಲಿ ಇಬ್ಬರು ಹುಡುಗಿಯರು ನಾನು ಕರೆದ ಧಾಟಿಯಲ್ಲೇ ನಿಮ್ಮಜ್ಜನ ಹೆಸರು ಕೂಗಿ ಓಡಿದರು.

ಅಂದೇ ನನ್ನ ಅಳು ನಿಂತಿತು. ಬಾಯಿ ತೆರೆದರೆ ನನ್ನ ದನಿಯೇ ಮೆಟ್ಟಿಲ ಕಡೆಯಿಂದ ಕೇಳಿಸಿದಂತಾಗಿ ಮುಚ್ಚಿಕೊಳ್ಳುತ್ತಿದ್ದೆ.

ಕಾಕು ನನ್ನ ಕೈ ಹಿಡಿದು ಮೊದಲ ಮಹಡಿಗೆ ಕರೆದೊಯ್ದರು.

“ಯಾಕ ತೆಗದಿ?” ಎಂದರು.

“ಅಯ್ಯ, ಪ್ರೀತಿಲೆ ತೆಗದೀನ್ರಿ ಕಾಕು. ಈಗಿನವರಿಗೆ ಹಿಂಗ ಅಳಾಕ ಎಲ್ಲಿ ಬರ್ತದ? ನೆನಪಿಗಿರ್ಲಿ ಅಂತ.”

“ಯಾರ ನೆನಪಿಗೆ? ಸತ್ತಾಂವ ನಿನ್ನ ಗಂಡನೇನು?”

“ಏನ್ರಿ ಬಾಯಿ ನಿಮ್ಮದು. ಅಳಿಸಿ ಹಾಕ್ತೀನಿ ಬಿಡ್ರಿ. ನಿಮಗ ಫೋನ್ ಗೊತ್ತಾಗೂದಿಲ್ಲ, ಅದಕ್ಕ ಇಷ್ಟು ದೊಡ್ಡದು ಮಾಡ್ತೀರಿ.”

“ಫೋನ್ ಗೊತ್ತಾಗೂದಿಲ್ಲ, ಖರೇ. ನೀ ಗೊತ್ತಾದಿ. ಈಕಿ ಮುಖಾ ನೋಡಿ ತಪ್ಪಾತು ಅನ್ನು. ಅಲ್ಲೀತನಾ ನನ್ನ ಹೊಸ್ತಿಲಾ ತುಳೀಬ್ಯಾಡ.”

ಅವಳು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಫೋನು ನೋಡಿದಳು.

ಮರುವಾರ ಕಾಕು ನನ್ನನ್ನು ಅಂಗಡಿಗೆ ಕರೆದೊಯ್ದು ತಮ್ಮಂಥದ್ದೇ ಫೋನು ಕೊಡಿಸಿದರು. ನೀವು ತಂದ ದೊಡ್ಡ ಫೋನು ಇನ್ನೂ ಡಬ್ಬಿಯಲ್ಲೇ ಯಾಕಿದೆ ಎಂದು ಮುನಿಸಿಕೊಳ್ಳುತ್ತೀರಲ್ಲ, ಕಾರಣ ಇದು.

ಕಾಕು ಹಗೆಯನ್ನು ಉಪ್ಪಿನಕಾಯಿಯ ಹಾಗೆ ನೀರು ತಾಗದಂತೆ ಕಾಪಾಡಿದರು. ಸಂಕ್ರಾಂತಿಯಲ್ಲಿ ಮನೆಮನೆಗೆ ಎಳ್ಳುಬೆಲ್ಲ ಹಂಚುವಾಗ ಮೊದಲ ಮಹಡಿಯ ಆ ಬಾಗಿಲನ್ನು ದಾಟಿ ಹೋಗುತ್ತಿದ್ದರು. “ಇದನ್ನ ಕೊಟ್ರ ಒಳ್ಳೆ ಮಾತಾಡಬೇಕಾಗ್ತದ. ಆಕಿ ಕೂಡ ಒಳ್ಳೆ ಮಾತು ನನಗ ಬ್ಯಾಡ” ಎಂದು ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದರು.

ಒಮ್ಮೆ ನಾನೇ “ಸಾಕು ಬಿಡ್ರಿ ಕಾಕು, ಭಾಳ ದಿನ ಆತು” ಎಂದೆ.

“ನಿನಗ ಅಳು ಬಂತೇನು?”

“ಇಲ್ಲ.”

“ಹಂಗಾರ ಸುಮ್ನಿರು, ಹುಡುಗಿ.”

ಹೋದ ಶ್ರಾವಣದಲ್ಲಿ ಕಾಕು ಹೋದರು. ಬೆಳಿಗ್ಗೆ ಚಹಾ ಕುಡಿದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ನಾವೆಲ್ಲ ಸುತ್ತ ಕುಳಿತಿದ್ದಾಗ ಮೊದಲ ಮಹಡಿಯವಳು ತನ್ನ ಬೀಗತಿಯನ್ನು ಕರೆದುಕೊಂಡು ಒಳಗೆ ಬಂದಳು. ಎಲ್ಲರನ್ನೂ ಸರಿಸಿ ಕಾಕು ಅವರ ತಲೆಯ ಬಳಿಯೇ ಕುಳಿತು, “ನನಗ ತಾಯಿ ಇದ್ದಂಗ ಇದ್ರು” ಎಂದು ಮೂಗು ಒರೆಸಿಕೊಂಡಳು.

ನಾನು ಬಾಯಿ ತೆರೆದೆ. ದನಿ ಬಂತು.

“ಹೊಸ್ತಿಲಾ ತುಳೀಬ್ಯಾಡ ಅಂದಿದ್ದೆಲ್ಲವ್ವಾ, ತುಳದು ಒಳಗ ಬಂದಾಳ ನೋಡ. ನನ್ನ ಗಂಡನ ಹೆಣದ ಮುಂದ ಫೋನ್ ಹಿಡದಾಕಿ ನಿನ್ನ ತಲಿ ಕಡೆ ಕುಂತಾಳ ನೋಡ. ನೀ ಎಳ್ಳು ಕೊಡದಾಕಿ ನಿನ್ನ ಬಾಯಾಗ ನೀರು ಬಿಡಾಕ ಬಂದಾಳ ನೋಡ, ನನ್ನವ್ವಾ.”

ಬೀಗತಿ ಅವಳ ಕಡೆ ತಿರುಗಿ, “ಯಾರಿಗೆ ಅನ್ನಾಕತ್ತಾರ ಇವರು?” ಎಂದರು.

“ಯಾರರೆ ಸಾಕು ಮಾಡಸ್ರಿ” ಎಂದಳು ಅವಳು.

ಬಾಗಿಲ ಬಳಿ ಕುಳಿತಿದ್ದ ಮುದುಕಿಯೊಬ್ಬರು ತಲೆ ಅಲ್ಲಾಡಿಸಿದರು. “ಹಾಡ್ಯಾಡಿ ಅಳಾಕಿನ್ನ ತಡೀಬಾರದವಾ. ಆಕಿ ಸತ್ತವರ ಕೂಡ ಮಾತಾಡಾಕತ್ತಾಳ, ನಿನ್ನ ಕೂಡ ಅಲ್ಲ.”

ಅದು ನಮ್ಮ ರೂಢಿ. ಅಳುವವಳಿಗೆ ಯಾರೂ ಎದುರಾಡುವಂತಿಲ್ಲ. ತರಕಾರಿಯವನ ಮುಂದೆಯೂ ಬಾಯಿ ಬಿಡದ ನಾನು ಆ ರೂಢಿಯನ್ನು ಕೊನೆಯ ಹನಿಯವರೆಗೂ ಹಿಂಡಿದೆ. ಅವಳ ಹೆಸರು ಹಿಡಿದು ಅತ್ತೆ. ಮೆಟ್ಟಿಲಲ್ಲಿ ಕೂಗಿದ ಹುಡುಗಿಯರನ್ನು ಹೇಳಿ ಅತ್ತೆ, ನಗುವ ಮುಖಗಳನ್ನು ಹೇಳಿ ಅತ್ತೆ. ಬೀಗತಿ ಮೆಲ್ಲಗೆ ಅವಳಿಂದ ಸರಿದು ಕುಳಿತದ್ದನ್ನು ಅಳುತ್ತಲೇ ನೋಡಿದೆ. ಹೊಟ್ಟೆ ತಣ್ಣಗಾಯಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋಗುವವರೆಗೂ ನಾನು ನಿಲ್ಲಿಸಲಿಲ್ಲ.

ಅವಳು ಹೋದ ಮೇಲೆ ನಿಜವಾದ ಅಳು ಬಂತು. ಕಾಕು ಅವರಿಗಾಗಿ ಅತ್ತೆ. ಆಮೇಲೆ ಅಲ್ಲೇ ಕುಳಿತು, ಎಷ್ಟೋ ವರ್ಷಗಳ ನಂತರ, ನಿಮ್ಮಜ್ಜನಿಗಾಗಿ ಅತ್ತೆ.