ಬೆನ್ನು ತಿರುಗಿಸಿ ಕೇಳಿಸಿಕೊಂಡವರು

ಅವರ ಎಡಗೈ ಕಿರುಬೆರಳು ಕೊನೆಯ ಗೆಣ್ಣಿನಲ್ಲಿ ಹೊರಕ್ಕೆ ವಾಲಿತ್ತು. ಹಳೆಯ ಟೈಪ್‌ರೈಟರನ್ನು ಚಿಕ್ಕಂದಿನಿಂದಲೇ ಕುಟ್ಟಿ ಕುಟ್ಟಿ ಹಾಗಾಗಿತ್ತಂತೆ. "ನನ್ನ ನೋಡೋಕೆ ಬಂದ ಗಂಡು ಈ ಬೆರಳು ನೋಡೇ ಓಡೋದ ಕಣ್ರೀ" ಎಂದು ತಾವೇ ನಗುತ್ತಿದ್ದರು.

ಹುಣಸೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹೋಟೆಲಿನ ಮಹಡಿಯ ಮೇಲೆ ಅವರ ಟೈಪಿಂಗ್ ಶಾಲೆ. ನಮ್ಮ ಕಡೆಯವರಿಗೆಲ್ಲ ಅವರು ಟೈಪಿಂಗ್ ಮೇಡಂ. ಎರಡು ಸಾವಿರದ ಇಸವಿ ಕಳೆದ ಮೇಲೆ ಟೈಪ್‌ರೈಟರುಗಳ ಮಧ್ಯೆ ಒಂದು ಕಂಪ್ಯೂಟರೂ ಬಂದು ಕೂತಿತು, ಇಂಟರ್‌ನೆಟ್ಟೂ ಬಂತು. ಅರ್ಜಿ ಬರೆಸಲು ಹೋದವರು ಅವರ ಬೆನ್ನ ಹಿಂದಿನ ಸ್ಟೂಲಿನ ಮೇಲೆ ಕೂತು ಹೇಳಬೇಕು. ಅವರು ತಿರುಗಿಯೂ ನೋಡದೆ ಟೈಪ್ ಮಾಡುತ್ತಾ ಹೋಗುವರು. ನಮ್ಮ ಮಾತು ನಿಂತರೆ ಅವರ ಬೆರಳೂ ನಿಂತು ಕಾಯುತ್ತಿತ್ತು.

ನಾನು ಮೊದಲು ಹೋದದ್ದು ರೇಷನ್ ಕಾರ್ಡಿನಿಂದ ಒಂದು ಹೆಸರು ತೆಗೆಸುವ ಅರ್ಜಿಗೆ. ಹೆಸರು ಸೌಮ್ಯ, ವಯಸ್ಸು ಆರು, ಸಂಬಂಧ ಮಗಳು. ಜ್ವರ ಬಂದು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಊರಿನವರನ್ನು ಕೂರಿಸಿಕೊಂಡು ಕಥೆ ಹೇಳಿ ನಗಿಸುವವನು ನಾನು. ಮನೆಯಲ್ಲಿ ಮಗಳ ಹೆಸರೆತ್ತಲು ನಾಲಿಗೆ ಏಳುತ್ತಿರಲಿಲ್ಲ. ಹೆಂಡತಿ ಅತ್ತಾಳು, ಹೆಸರೆತ್ತಬೇಡಿ ಎಂದು ಹಿರಿಯರ ಕಟ್ಟಪ್ಪಣೆ ಬೇರೆ.

ಅರ್ಜಿ ಮುಗಿಸಿ ಮೇಡಂ ಅಂದರು: "ಗೌಡ್ರೇ, ನಂಗೆ ಮಕ್ಕಳಿಲ್ಲ. ನಿಮ್ಮ ಸಂಕಟ ಗೊತ್ತು ಅಂದ್ರೆ ಸುಳ್ಳಾಗುತ್ತೆ. ಆದ್ರೆ ಗೊತ್ತಿರೋರು ಇದಾರೆ."

ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಬೇರೆ ಬೇರೆ ದೇಶಗಳಿಂದ ಒಬ್ಬರಿಗೊಬ್ಬರು ಬರೆದುಕೊಳ್ಳುವ ಗುಂಪೊಂದು ಇಂಟರ್‌ನೆಟ್ಟಿನಲ್ಲಿ ಅವರ ಕಣ್ಣಿಗೆ ಬಿದ್ದಿತ್ತು. "ನೀವು ಕನ್ನಡದಲ್ಲಿ ಹೇಳಿ. ಇಂಗ್ಲಿಷ್ ನಂಗಿರ್ಲಿ."

ಮುಂದಿನ ಸಂತೆಯ ದಿನ ಸ್ಟೂಲಿನ ಮೇಲೆ ಕೂತವನು, ಅಜ್ಜ ಕಲಿಸಿದ್ದ ರೂಢಿಯಂತೆ "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ" ಎಂದು ಶುರು ಮಾಡಿಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

"ಅಯ್ಯೋ, ಅಳಿಸಿ ಮೇಡಂ."

"ಅಳಿಸಲ್ಲ. ನೀವು ಏನ್ ಹೇಳ್ತೀರೋ ಅದೇ ಹೋಗುತ್ತೆ."

ಹೋಯಿತು. ಮೊದಲ ಉತ್ತರ ಕೇರಳದ ಒಬ್ಬ ತಾಯಿಯದು. ನಮ್ಮ ಕ್ಷೇಮ ಕೇಳಿ ಈ ಗುಂಪಿನಲ್ಲಿ ಇದುವರೆಗೆ ಯಾರೂ ಪತ್ರ ಶುರು ಮಾಡಿರಲಿಲ್ಲ ಎಂದಿದ್ದಳು. ನಿಮ್ಮ ಮಗಳಿಗೆ ಏನು ಇಷ್ಟವಿತ್ತು, ಹೇಳಿ ಎಂದು ಬರೆದಿದ್ದಳು. ಹುರುಳಿಕಾಳು ಸಾರಿಗೆ ಬೆರಳದ್ದಿ ಚೀಪುತ್ತಿದ್ದದ್ದು, ನಾಯಿಮರಿಗೆ ನನ್ನದೇ ಹೆಸರಿಟ್ಟಿದ್ದದ್ದು ಎಲ್ಲ ಹೇಳಿದೆ. ನಾಲ್ಕು ತಿಂಗಳಲ್ಲಿ ಅವಳ ವಿಷಯ ಮಾತಾಡಿದ್ದು ಅದೇ ಮೊದಲು.

ಮೂರನೆಯ ಸಂತೆಗೆ ಒಳಗೆ ಕೊರೆಯುತ್ತಿದ್ದದ್ದೂ ಹೊರಬಂತು. ಜ್ವರ ಬಂದ ರಾತ್ರಿ, ಸೊಪ್ಪು ಹದಮಾಡುವ ಬ್ಯಾರನ್ ಗೂಡಿನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಉರಿ ಬಿಟ್ಟು ಎದ್ದರೆ ಸೊಪ್ಪೆಲ್ಲ ಕೆಡುತ್ತದೆ. ಮಗುವಿನ ಮೈ ಕಾದಿತ್ತು. ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಎಂದೆ. ಬೆಳಗಾಗುವಷ್ಟರಲ್ಲಿ ಕೈಮೀರಿತ್ತು.

"ಸೊಪ್ಪು ಉಳಿಸ್ಕಂಡೆ, ಮಗಳನ್ನ ಕಳ್ಕಂಡೆ. ಇಂಗೇ ಬರೀರಿ ಮೇಡಂ."

ಅವರು ತಿರುಗಲಿಲ್ಲ, ಅಯ್ಯೋ ಅನ್ನಲಿಲ್ಲ. ಕೊನೆಯ ಮಾತಿನವರೆಗೂ ಟೈಪ್ ಮಾಡಿ, "ಇನ್ನೇನಾದ್ರೂ ಸೇರಿಸ್ಬೇಕಾ?" ಅಂದರು, ಅಷ್ಟೇ. ಅವರೇನಾದರೂ ನನ್ನ ಮುಖ ನೋಡಿದ್ದರೆ ಅದನ್ನು ನುಂಗಿಕೊಂಡೇ ಎದ್ದು ಬರುತ್ತಿದ್ದೆ.

ಕೇರಳದ ತಾಯಿ ಉತ್ತರ ಬರೆದಳು: ಬೆಳಗಾಗುತ್ತದೆ ಎಂದು ನೀವು ನಂಬಿದಿರಿ. ನಾನೂ ನಂಬಿದ್ದೆ. ಹೆತ್ತವರಿಗೆ ಬೇರೆ ಏನು ನಂಬಲು ಬರುತ್ತದೆ?

ಮೇಡಂ ನನ್ನ ಕಾಗದವನ್ನೂ ಆ ಉತ್ತರವನ್ನೂ ಕನ್ನಡದಲ್ಲಿ ಬರೆದುಕೊಟ್ಟು, "ಮನೆಯವ್ರಿಗೆ ಓದಿ" ಎಂದರು. ಸಾವಿನ ಸುದ್ದಿಯ ಕಾಗದವನ್ನು ನಮ್ಮಲ್ಲಿ ಮನೆಯೊಳಗೆ ಇಡುವುದಿಲ್ಲ. ಅವ್ವ ಹೊಸ್ತಿಲಿಗೇ ಅಡ್ಡ ನಿಂತಳು.

"ಒಳೀಕೆ ತರಬ್ಯಾಡ ಕಣ್ಲಾ! ಅಲ್ಲೇ ಓದು, ಅರ್ದಾಕು!"

ಹರಿಯಲು ಮನಸ್ಸಾಗದೆ ವಾಪಸ್ ತಂದುಕೊಟ್ಟೆ. ಮೇಡಂ ನಕ್ಕರು. "ಕಾಗದ ಇಲ್ಲೇ ಇರ್ಲಿ ಬಿಡಿ. ನಿಮ್ಮ ಹೆಂಡ್ತೀನೇ ಕರ್ಕೊಂಡ್ ಬನ್ನಿ."

ಕರೆದುಕೊಂಡು ಹೋದೆ. ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಎಂದಿನಂತೆ ಆ ಕಡೆ ಮುಖ ಮಾಡಿ ಮೇಡಂ ಎರಡನ್ನೂ ಓದಿದರು. ನಾನು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದೆ.

"ಬೆಳಿಗ್ಗೆ ಓಗಾನ ಅಂದಾಗ ಊಂ ಅಂದೋಳು ನಾನೇ ಅಲ್ವಾ?" ಅಂದಳು ಹೆಂಡತಿ. "ನಂಗೂ ಬರೀ ಜ್ವರ ಅಂತ್ಲೇ ಅನ್ನಿಸ್ತು. ನೀವು ಮನಸಲ್ಲೇ ನನ್ನ ಬೈಕತಾ ಇದ್ದೀರಿ ಅನ್ಕಂಡು ಸುಮ್ಕಿದ್ದೆ ಕಣ್ರೀ."

ಅವಳು ನನ್ನನ್ನು ಬೈದುಕೊಳ್ಳುತ್ತಿದ್ದಾಳೆಂದು ನಾನು, ನಾನು ಅವಳನ್ನು ಬೈದುಕೊಳ್ಳುತ್ತಿದ್ದೇನೆಂದು ಅವಳು. ಒಂದೇ ಸೂರಿನಡಿ ಇಷ್ಟು ದಿನ! ಇಬ್ಬರೂ ಅತ್ತೆವು. ತಲೆಯ ಮೇಲಿನ ಹೊರೆ ಇಳಿಸಿದಾಗ ಕತ್ತು ತಾನಾಗಿ ಮೇಲೆದ್ದ ಹಾಗೆ ಆಯಿತು ನನಗೆ. ಮೇಡಂ ಆ ಕಡೆ ಮುಖ ಮಾಡಿಯೇ ಕೇಳಿದರು:

"ಇದನ್ನೂ ಬರೀಲಾ?"

"ಬರ್ಕಳಿ ಮೇಡಂ" ಎಂದು ಹೆಂಡತಿ ಅಳುತ್ತಲೇ ನಕ್ಕಳು.

ಆಮೇಲೆ ವರ್ಷಗಟ್ಟಲೆ ಇಬ್ಬರೂ ಹೋಗಿ ಬರೆಸಿದೆವು. ಹೊಸದಾಗಿ ಮಕ್ಕಳನ್ನು ಕಳೆದುಕೊಂಡು ಗುಂಪಿಗೆ ಬಂದವರಿಗೆ ಕ್ಷೇಮ ಕೇಳುವ ಸರದಿ ನಮ್ಮದಾಯಿತು.

ಮೇಡಂ ತೀರಿಕೊಂಡ ಸುದ್ದಿ ತಿಳಿದು ಹುಣಸೂರಿಗೆ ಓಡಿದೆವು. ಅಂಗಳದಲ್ಲಿ ಕೂತಿದ್ದ ಅವರ ಅಣ್ಣ, "ನೀವು ಅವಳಿಗೆ ಏನಾಗ್ಬೇಕು?" ಎಂದು ಕೇಳಿದರು. ಅರ್ಜಿ ಬರೆಸುತ್ತಿದ್ದವರು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ, ಅಷ್ಟು ಜನರ ಎದುರು, ತಲೆಯೆತ್ತಿ, ಮಗಳ ಹೆಸರನ್ನೂ ಎತ್ತಿ ಹೇಳಿದಳು:

"ನಮ್ಮ ಸೌಮ್ಯಂಗೆ ಮೇಡಂ ಆಗಿದ್ರು."

ಮಗಳನ್ನು ಅವರು ಒಂದು ದಿನವೂ ಕಂಡವರಲ್ಲ. ನಾನು ತಿದ್ದಲು ಹೋಗಲಿಲ್ಲ.