ಓ ಅನ್ನದ ಸೊಸೆ

ಮದುವೆಯಾಗಿ ಶಿಕಾರಿಪುರದಿಂದ ಕುಪ್ಪಗಡ್ಡೆಗೆ ಬಂದಾಗ ನನ್ನ ಜೊತೆ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರೂ ಬಂದಿತ್ತು. ಅಪ್ಪನ ಬಟ್ಟೆ ಅಂಗಡಿಯ ಮಹಡಿಯಲ್ಲಿ ಕೂತು ಮೊಬೈಲ್ ನೋಡಿಕೊಂಡು ಕಲಿಯಲು ಶುರು ಮಾಡಿ ಆರು ತಿಂಗಳೂ ಆಗಿರಲಿಲ್ಲ. ಬರುತ್ತಿದ್ದುದು ಒಂದೇ ಹಾಡು, ಅದೂ ಅರ್ಧ. ಹೊಸ ಮನೆಯಲ್ಲಿ ನಗೆಪಾಟಲಾಗುವುದು ಬೇಡವೆಂದು ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಿದ್ದೆ. ಸದ್ದೆಲ್ಲ ನನಗೊಬ್ಬಳಿಗೆ. ಉಳಿದವರಿಗೆ ತಂತಿ ಕೆರೆದಂತೆ ಕೇಳುತ್ತಿತ್ತಷ್ಟೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾರು ಕರೆದರೂ, ಎಲ್ಲಿದ್ದರೂ ‘ಓ’ ಅನ್ನಬೇಕು. ಕೈಕೆಲಸ ಬಿಟ್ಟು ಬರುವುದು ಆಮೇಲಿನ ಮಾತು. ಗದ್ದೆಯ ಆ ತುದಿಯಿಂದ ಮಾವನೂ ಓ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಅಂಗಳದಲ್ಲಿ ಭತ್ತ ಒಣಹಾಕಿದ್ದರು. ಮೋಡ ಕವಿದು ಹನಿ ಬಿತ್ತು. ನನ್ನನ್ನು ಐದಾರು ಸಲ ಕೂಗಿದರಂತೆ. ನಾನು ಹೆಡ್‌ಫೋನ್ ತೆಗೆದು ಹೊರಗೆ ಬರುವಷ್ಟರಲ್ಲಿ ಅವರು ತೊಯ್ದ ಸೀರೆಯಲ್ಲಿ ಕೊನೆಯ ಬುಟ್ಟಿ ಒಳಗಿಡುತ್ತಿದ್ದರು.

“ಕೇಳಿಸ್ಲಿಲ್ಲ ಅತ್ತೆ” ಎಂದೆ.

“ನಮ್ ಕೂಗು ನಿಂಗ್ಯಾಕೆ ಕೇಳಿಸ್ತದೆ” ಎಂದರು.

ಅವತ್ತಿನಿಂದ ನನ್ನನ್ನು ಕರೆಯುವುದನ್ನೇ ಬಿಟ್ಟರು. ಎದುರು ಸಿಕ್ಕರೆ ಮಾತಾಡುತ್ತಿದ್ದರು, ಊಟಕ್ಕೆ ಬಡಿಸುತ್ತಿದ್ದರು, ಕರೆಯುತ್ತಿರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ, ನನ್ನ ಬಾಯೇನು ಸಣ್ಣದಲ್ಲ. ಇದಕ್ಕೆ ಏನು ಹೇಳುವುದು? ಇನ್ನು ಯಾವತ್ತೂ ಕರೆಯುವುದಿಲ್ಲವೇನೋ ಎಂದು ನಿಜಕ್ಕೂ ಹೆದರಿದೆ.

ಗಂಡನಿಗೆ ಹೇಳಿದೆ: “ಈ ಗಿಟಾರ್ ಕೊಟ್ಟು ಅಕೌಸ್ಟಿಕ್ ತಗೊಂಡ್ಬರೋಣ ರೀ. ಅದಕ್ಕೆ ಕರೆಂಟೂ ಬೇಡ, ಕಿವಿ ಮುಚ್ಕೊಳ್ಳೋದೂ ಬೇಡ.”

ಶಿವಮೊಗ್ಗದಲ್ಲಿ ಬದಲಾಯಿಸಿಕೊಂಡು ಬಂದೆವು. ಹೊಸ ಗಿಟಾರಿನ ತಂತಿ ದಪ್ಪ, ಒತ್ತಲು ಬಲ ಬೇಕು. ವಾರದೊಳಗೆ ಎಡಗೈ ಬೆರಳ ತುದಿ ಸುಲಿದು ಪಾತ್ರೆ ತಿಕ್ಕುವಾಗ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾದದ್ದು ನಾಚಿಕೆ. ಇಷ್ಟು ದಿನ ನನ್ನ ಕಿವಿಯೊಳಗೇ ಉಳಿಯುತ್ತಿದ್ದ ತಪ್ಪುಗಳೆಲ್ಲ ಈಗ ಕೊಟ್ಟಿಗೆಯವರೆಗೂ ಕೇಳುತ್ತಿದ್ದವು. ಹಾಡಿನ ನಡುವೆ ಒಂದು ಕಡೆ ಬೆರಳು ಹೊರಳದೆ ದಿನವೂ ಎಡವಿ ನಿಲ್ಲುತ್ತಿದ್ದೆ.

ಒಂದು ಸಂಜೆ ಅಲ್ಲಿಯೇ ನಿಂತಿದ್ದಾಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಏ ಹುಡುಗೀ.”

“ಓ” ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ಅವರಿಗೆ ನಗು ಬಂತು.

“ದಿನಾ ಅಲ್ಲಿಗೇ ಬಂದು ಎಡವ್ತೀಯಲ್ಲೇ. ಮುಂದಿಂದು ಯಾವಾಗ ಕೇಳ್ಸದು?”

ನನಗೆ ಕಣ್ಣಲ್ಲಿ ನೀರು ಬಂತು. ಹಿಟ್ಟು ನಾದುತ್ತ, ಒಲೆ ಉರಿಸುತ್ತ ಅವರು ದಿನವೂ ಆ ಅರ್ಧ ಹಾಡು ಕೇಳಿಸಿಕೊಂಡಿದ್ದರು. ಆಮೇಲೆ ಅದೇ ರೂಢಿಯಾಯಿತು. ನಾನು ಎಡವಿದ ಕೂಡಲೇ ಅವರು ಕರೆಯುತ್ತಿದ್ದರು, ನಾನು ಓ ಅನ್ನುತ್ತಿದ್ದೆ.

ಅತ್ತೆ ಹೋಗಿ ಎರಡು ವರ್ಷವಾಯಿತು. ಈಗ ಹಾಡು ಪೂರ್ತಿ ಬರುತ್ತದೆ, ಆ ಜಾಗವನ್ನು ಸಲೀಸಾಗಿ ದಾಟುತ್ತೇನೆ. ಆದರೂ ಒಮ್ಮೊಮ್ಮೆ ಬೇಕೆಂದೇ ಅಲ್ಲಿ ತಪ್ಪು ನುಡಿಸಿ ನಿಲ್ಲುತ್ತೇನೆ. ಬಾಯಲ್ಲಿ ಓ ತಯಾರಾಗಿರುತ್ತದೆ.