ರಾಗಿ ಡಬ್ಬದಲ್ಲಿಟ್ಟ ಕಿವಿ ಮಿಷನ್

ಮಂಗಳವಾರ, ಬೆಳಿಗ್ಗೆ ಹತ್ತೂ ಕಾಲು. ಬಂಗಾರಪೇಟೆಯ ಕಿವಿ ಮಿಷನ್ ಅಂಗಡಿ. ಹಾಜರಿದ್ದವರು ನಾನು, ನನ್ನ ಹೆಂಡತಿ, ಕ್ಯಾಸಂಬಳ್ಳಿಯಿಂದ ಬಂದಿದ್ದ ಅವಳ ತಮ್ಮ, ಕೌಂಟರಿನ ಹೆಂಗಸು.

ಅದು ನಮ್ಮ ನಾಲ್ಕನೇ ಭೇಟಿ. ಕೊಂಡ ಎರಡನೇ ತಿಂಗಳಿಗೇ ಹೆಂಡತಿಯ ಮಿಷನ್ ಸತ್ತಿತ್ತು. ಮೊದಲ ಸಲ ರಿಪೇರಿಯವರು ಇಲ್ಲವೆಂದರು. ಎರಡನೇ ಸಲ ಊಟ ಮಾಡಿ ಬನ್ನಿ ಎಂದು ಕಳಿಸಿ ಶಟರ್ ಎಳೆದುಕೊಂಡು ಹೋದರು. ಮೂರನೇ ಸಲ ಅದು ಬಂದಿದ್ದ ಖಾಲಿ ಪೆಟ್ಟಿಗೆ ಇಲ್ಲದೆ ಮುಟ್ಟುವುದೇ ಇಲ್ಲವೆಂದರು. ಕಂಪನಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸಿ ಕಟ್ಟಾಗುತ್ತಿತ್ತು. ಅಷ್ಟರಲ್ಲಿ ನನ್ನ ಹೆಂಡತಿ, ಮಗಳ ಫೋನ್ ಬಂದರೆ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಮೂರನೇ ಭೇಟಿಯ ಮರುದಿನ ಇನ್ನೊಂದು ಎಡವಟ್ಟಾಯಿತು. ಸತ್ತ ಮಿಷನ್ ಬದುಕೀತೆಂದು ಕಿವಿಯಲ್ಲೇ ಇಟ್ಟುಕೊಂಡಿದ್ದಳು. ಹಂಡೆಗೆ ಬಗ್ಗಿದಾಗ ಅದು ನೀರಿಗೆ ಬಿತ್ತು. ನೆನೆದ ಫೋನನ್ನು ಅಕ್ಕಿಯಲ್ಲಿಡಬೇಕೆಂದು ಯಾರೋ ಹೇಳಿದ್ದು ಅವಳಿಗೆ ನೆನಪಿತ್ತು. ಆದರೆ ನಮ್ಮ ಮನೆಯಲ್ಲಿ ತುಂಬಿದ್ದದ್ದು ರಾಗಿ ಡಬ್ಬ. ಎರಡು ದಿನ ಅದರಲ್ಲೇ ಹೂತಿಟ್ಟಳು.

ಈ ಸಲ ಕೌಂಟರಿನ ಹೆಂಗಸು ಮಿಷನ್ ಬಿಚ್ಚುತ್ತಲೇ ಒಂದು ಫಾರಂ ತಳ್ಳಿದಳು. ‘ನೀರು ತಗುಲಿದೆಯೇ? ಹೌದು / ಇಲ್ಲ.’ ತಗುಲಿದ್ದರೆ ಬದಲಿ ಕೊಡುವುದಿಲ್ಲವೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಬಾಮೈದ ನನ್ನ ಕಿವಿಯ ಬಳಿ ಬಗ್ಗಿದ. “ಇಲ್ಲ ಅಂತ ಗೀಚಿ ಬಾವ. ನೀರಿಗೆ ಬೀಳಾಕೆ ಮುಂಚೇನೆ ಕೆಟ್ಟಿರ್ಲಿಲ್ವಾ? ನಾಕ್ ಸಲ ಅಲೆಸೋರ್ಗೆ ನಿಜ ಬೇರೆ ಕೇಡು.”

ಅವನು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಪೆನ್ನು ‘ಇಲ್ಲ’ದ ಮೇಲೆ ಕೂತು ಒಂದು ಚುಕ್ಕಿಯೂ ಬಿದ್ದಿತ್ತು. ಆ ಹೆಂಗಸು ಬೇರೆ ಸ್ಕ್ರೂಡ್ರೈವರ್ ತೆಗೆಯಲು ಹಿಂದಕ್ಕೆ ತಿರುಗಿದಳು. ಬಿಚ್ಚಿದ ಮಿಷನ್ನಿನಿಂದ ಒಂದು ರಾಗಿ ಕಾಳು ಉರುಳಿ ಗಾಜಿನ ಮೇಲೆ ನಿಂತಿತು. ಬಾಮೈದ ತಕ್ಷಣ ಅದರ ಮೇಲೆ ಅಂಗೈ ಊರಿದ.

ಗಣಿಗಿಳಿಯುವವರಿಗೆ ತಲೆದೀಪ ಕೊಡುವ ಲ್ಯಾಂಪ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಆ ಕಂಪನಿಯೂ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಆದರೂ ದೀಪ ಕೆಡವಿದವನು, ಬೈಗುಳ ಬೀಳುವುದೆಂದು ಗೊತ್ತಿದ್ದೇ, ಶಿಫ್ಟ್ ಮುಗಿಸಿ ಬಂದು “ನಾನೇ ಕೆಡವಿದೆ” ಎಂದು ಬರೆಸಿ ಹೋಗುತ್ತಿದ್ದ. ಮುಚ್ಚಿಟ್ಟರೆ ಅದೇ ದೀಪ ಮುಂದಿನ ಶಿಫ್ಟಿನವನ ತಲೆಯ ಮೇಲೆ ಕೆಳಗಿಳಿಯುತ್ತಿತ್ತು. ಆ ನಿಜ ಕಂಪನಿಗಾಗಿ ಅಲ್ಲ, ಕೆಳಗಿಳಿಯುವವನಿಗಾಗಿ.

ಇಲ್ಲಿ ಕೆಳಗೆ ಯಾರಿದ್ದಾರೆ? ಯಾರೂ ಇರಲಿಲ್ಲ. ಆದರೂ ಆ ಅಂಗೈ ನೋಡಲು ನನ್ನಿಂದಾಗಲಿಲ್ಲ.

“ಕೈ ತೆಗಿ,” ಎಂದೆ.

“ಬಾವ, ಸುಮ್ಕಿರಿ.”

“ತೆಗೀಲಾ.”

ತೆಗೆದ. ತಿರುಗಿದ ಹೆಂಗಸು ಕಾಳು ನೋಡಿ ನಕ್ಕಳು. “ಏನ್ ಅಜ್ಜಿ, ಇದಕ್ಕೂ ಮುದ್ದೆ ತಿನ್ಸಿದ್ರಾ?” ನನ್ನ ಹೆಂಡತಿಗೆ ಕೇಳಿಸಲಿಲ್ಲ, ಅವಳೂ ನಕ್ಕಳು.

ನಾನು ‘ಹೌದು’ ಎಂದು ಗುರುತು ಹಾಕಿ, ಜೊತೆಗೆ ತಂದಿದ್ದ ನನ್ನ ದಿನಚರಿ ಪುಸ್ತಕ ತೆರೆದು ಮುಂದಿಟ್ಟೆ. ಮಿಷನ್ ಸತ್ತ ದಿನ, ಮೂರು ಭೇಟಿ, ಆಮೇಲೆ ಹಂಡೆಗೆ ಬಿದ್ದದ್ದು, ಎಲ್ಲ ಒಂದೇ ಪುಟದಲ್ಲಿ. “ಇದರ ಜೆರಾಕ್ಸ್ ಸೇರಿಸಿ ಕಂಪನಿಗೆ ಕಳಿಸಿ. ಮೊದಲು ಕೆಟ್ಟಿತು, ಆಮೇಲೆ ಬಿತ್ತು ಅಂತ ನೀವೂ ಬರೆದು ಸೀಲ್ ಹಾಕಿ.”

ಆಕೆಯ ನಗು ಹೋಯಿತು. “ಕಳಿಸ್ತೀನಿ ತಾತ. ಆದ್ರೆ ಔದು ಅಂದ್ಮೇಲೆ ಕೊಡೋದು ಡೌಟೇ.” ನಾನು ಮುಕ್ಕಾಲು ಗಂಟೆ ಕದಲದೆ ಕೂತ ಮೇಲೆ ಎರಡು ಸಾಲು ಬರೆದು ಸೀಲ್ ಒತ್ತಿದಳು. ಬಾಮೈದ ಅಕ್ಕನಿಗೆ ಮಾತ್ರ ಕೈಬೀಸಿ ಬಸ್ ಸ್ಟ್ಯಾಂಡಿಗೆ ನಡೆದ.

ರೈಲಿನಲ್ಲಿ ನಡೆದದ್ದನ್ನೆಲ್ಲ ಹೆಂಡತಿಗೆ ಚೀಟಿಯಲ್ಲಿ ಬರೆದು ಕೊಟ್ಟೆ. ಎರಡು ಸಲ ಓದಿದಳು. ಆಮೇಲೆ ಬೋಗಿಗೆಲ್ಲ ಕೇಳುವಂತೆ, “ಕಿವಿ ನಂದು. ನನ್ನ ಕೇಳ್ಬೇಕಿತ್ತು ನೀವು,” ಎಂದಳು.

ಎದುರು ಕೂತಿದ್ದವರು ನನ್ನನ್ನು ನೋಡಿದರು. ಅಂಗಡಿಯಲ್ಲಿ ಅಷ್ಟು ಹೊತ್ತು ಅವಳ ಪಕ್ಕದಲ್ಲೇ ಕೂತು, ಚೀಟಿ ಪೆನ್ನು ಜೇಬಿನಲ್ಲಿದ್ದೂ, ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಕೊನೆಗೆ ಬರೆದೆ: ‘ಕೇಳಿದ್ದರೆ?’

“ಔದು ಅಂತಾನೇ ಏಳ್ತಿದ್ದೆ. ಆದ್ರೆ ನಾನೇ ಏಳ್ತಿದ್ದೆ.”

ನಮ್ಮ ಸ್ಟೇಷನ್ ಮಾರಿಕುಪ್ಪಂ ಬರುವ ತನಕ ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು.

ಸಂಜೆ ಐದೂವರೆಗೆ ದಿನಚರಿ ಬರೆದೆ, ‘ಇಲ್ಲ’ದ ಮೇಲೆ ಬಿದ್ದ ಚುಕ್ಕಿಯನ್ನೂ ಸೇರಿಸಿ. ಕೊನೆಗೆ ಒಂದು ಸಾಲು ಖಾಲಿ ಬಿಟ್ಟು ಪುಸ್ತಕವನ್ನೂ ಪೆನ್ನನ್ನೂ ಅವಳ ಕಡೆ ತಳ್ಳಿದೆ. ಕನ್ನಡಕ ಹಾಕಿಕೊಂಡು, ‘ನೀರಿಗೆ ಬೀಳಿಸಿದವಳು ನಾನು’ ಎಂದು ಬರೆದು ರುಜು ಹಾಕಿದಳು. ಶಾಯಿ ಒಣಗಿದ ಮೇಲೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ.